ಎರಾ-ನೆಟ್ ಅಂದರೆ ಏನು? ಯುರೋಪಿನ ದೇಶಗಳು ಸಂಶೋಧನೆಯ ದುಡ್ಡಿಗೆ ಕೈ ಜೋಡಿಸುವ ಬಗೆ

ಜರ್ಮನಿಯಲ್ಲೋ ಪೋಲೆಂಡಿನಲ್ಲೋ ಪೋಸ್ಟ್‌ಡಾಕ್ (ಪಿಎಚ್‌ಡಿ ಆದಮೇಲಿನ ಸಂಶೋಧನಾ ಹುದ್ದೆ) ಹುಡುಕುವವರು ಜಾಹೀರಾತಿನ ಕೊನೆಯಲ್ಲಿ ಒಂದು ಸಾಲು ನೋಡಿರುತ್ತೀರಿ: ಈ ಹುದ್ದೆಗೆ ಕ್ವಾಂಟ್‌ಎರಾದಿಂದ ಹಣ, ಅಥವಾ ಎಂ-ಎರಾ.ನೆಟ್‌ನಿಂದ ಹಣ ಅಂತ. ಓದಿದವರು ಇದು ಬ್ರಸೆಲ್ಸ್‌ನಿಂದ, ಅಂದರೆ ಯುರೋಪಿಯನ್ ಒಕ್ಕೂಟದ ಬೊಕ್ಕಸದಿಂದ ಬರುವ ಸಂಬಳ ಅಂದುಕೊಳ್ಳುವುದು ಸಹಜ. ಬಹುಪಾಲು ಹಾಗಲ್ಲ. ಜರ್ಮನಿಯ ಲ್ಯಾಬಿಗೆ ಜರ್ಮನಿಯ ಸಂಸ್ಥೆ ದುಡ್ಡು ಕೊಡುತ್ತದೆ, ಪೋಲೆಂಡಿನ ಲ್ಯಾಬಿಗೆ ಪೋಲೆಂಡಿನದು, ಅದೂ ತನ್ನ ತನ್ನ ನಿಯಮದ ಪ್ರಕಾರ. ಯೋಜನೆ ಒಂದೇ, ಅದನ್ನು ಆರಿಸಿದ ಸಮಿತಿಯೂ ಒಂದೇ. ದುಡ್ಡು ಮಾತ್ರ ಬೇರೆ ಬೇರೆ ಜೇಬಿನಿಂದ. ಈ ಏರ್ಪಾಟಿಗೆ ಎರಾ-ನೆಟ್ ಅಂತ ಹೆಸರು; ಕ್ವಾಂಟ್‌ಎರಾ, ಎಂ-ಎರಾ.ನೆಟ್ ಇಂಥವೇ.

'ಎರಾ' ಅಂದರೆ ಯುರೋಪಿಯನ್ ರಿಸರ್ಚ್ ಏರಿಯಾ. 2000ದ ಜನವರಿಯಲ್ಲಿ, ಆಗ ಒಕ್ಕೂಟದ ಸಂಶೋಧನಾ ಕಮಿಷನರ್ ಆಗಿದ್ದ ಬೆಲ್ಜಿಯಂನ ಫಿಲಿಪ್ ಬುಸ್ಕೆನ್ ಈ ಕಲ್ಪನೆಯನ್ನು ಮುಂದಿಟ್ಟರು. ಸರಕುಗಳಿಗೆ ಗಡಿ ಇಲ್ಲದ ಮಾರುಕಟ್ಟೆ ಆಗಿದೆ, ಸಂಶೋಧನೆಗೆ ಯಾಕೆ ಇನ್ನೂ ಗಡಿ ಅನ್ನುವುದು ಅದರ ತಿರುಳು. ಪ್ರಶ್ನೆ ಸರಿಯಾಗಿತ್ತು. ಯುರೋಪಿನ ಸಂಶೋಧನೆ ಅಂದ ಕೂಡಲೇ ನಮಗೆ ಒಕ್ಕೂಟದ ದೊಡ್ಡ ದೊಡ್ಡ ಕಾರ್ಯಕ್ರಮಗಳು ನೆನಪಾಗುತ್ತವೆ, ಆದರೆ ಸರ್ಕಾರಿ ಸಂಶೋಧನಾ ಹಣದಲ್ಲಿ ಸುಮಾರು ಶೇ. 85ರಷ್ಟು ಆಯಾ ದೇಶದ ಒಳಗೇ ಯೋಜನೆಯಾಗಿ ಒಳಗೇ ಖರ್ಚಾಗುತ್ತದೆ ಅಂತ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ 2008ರಲ್ಲಿ ತಾನೇ ಬರೆದುಕೊಂಡಿತ್ತು. ಅಂದರೆ ಬ್ರಸೆಲ್ಸ್ ತನ್ನ ಹಣವನ್ನು ಎಷ್ಟೇ ಚೆನ್ನಾಗಿ ಹಂಚಿದರೂ ದೊಡ್ಡ ಗಂಟು ಇರುವುದು ಬೇರೆ ಕಡೆ. ಫ್ರಾನ್ಸಿನ ಎಎನ್‌ಆರ್, ಜರ್ಮನಿಯ ಡಿಎಫ್‌ಜಿ, ಆಸ್ಟ್ರಿಯಾದ ಎಫ್‌ಡಬ್ಲ್ಯುಎಫ್ ತರಹದ, ಸಂಶೋಧನೆಗೆ ಹಣ ಕೊಡುವ ಆಯಾ ದೇಶದ ಸಂಸ್ಥೆಗಳ ಹತ್ತಿರ. ಒಬ್ಬರು ಏನು ಮಾಡುತ್ತಿದ್ದಾರೆ ಅಂತ ಇನ್ನೊಬ್ಬರಿಗೆ ಗೊತ್ತಿಲ್ಲದೆ ಒಂದೇ ಕೆಲಸಕ್ಕೆ ಎರಡು ಮೂರು ಕಡೆ ದುಡ್ಡು ಸುರಿಯುವುದೂ ಉಂಟು, ಎಲ್ಲರಿಗೂ ಬೇಕಾದ ಕೆಲಸಕ್ಕೆ ಯಾರೂ ಕೊಡದೇ ಇರುವುದೂ ಉಂಟು.

ಇದರ ಬಿಸಿ ಎಷ್ಟು ಅಂತ ತಿಳಿಯಲು ಅಪರೂಪದ ಕಾಯಿಲೆಗಳನ್ನು ನೋಡಬೇಕು. 10,000 ಜನರಲ್ಲಿ 5ಕ್ಕಿಂತ ಹೆಚ್ಚು ಮಂದಿಗೆ ಬಾರದ ಕಾಯಿಲೆಯನ್ನು ಯುರೋಪಿನಲ್ಲಿ ಅಪರೂಪದ್ದು ಅನ್ನುತ್ತಾರೆ. ಅದರಲ್ಲೂ ಲಕ್ಷಕ್ಕೆ ಒಬ್ಬರಿಗೆ ಬರುವ ಒಂದು ಕಾಯಿಲೆ ಇದೆ ಅಂದುಕೊಳ್ಳಿ. ಎಸ್ಟೋನಿಯಾದ ಜನಸಂಖ್ಯೆ ಸುಮಾರು 13 ಲಕ್ಷ, ಅಂದರೆ ಇಡೀ ದೇಶದಲ್ಲಿ 13 ರೋಗಿಗಳು. ಅಷ್ಟು ದೊಡ್ಡ ಜರ್ಮನಿಯಲ್ಲೂ ಸಾವಿರ ದಾಟುವುದಿಲ್ಲ. 13 ಜನರನ್ನು ಇಟ್ಟುಕೊಂಡು ಯಾವ ವೈದ್ಯ ಯಾವ ಔಷಧಿಯ ಪರೀಕ್ಷೆ ಮಾಡಬೇಕು? ಹತ್ತು ಹದಿನೈದು ದೇಶಗಳ ರೋಗಿಗಳನ್ನೂ ರಕ್ತದ ಮಾದರಿಗಳನ್ನೂ ಒಂದೇ ಅಧ್ಯಯನಕ್ಕೆ ತಂದರೆ ಮಾತ್ರ ಏನಾದರೂ ತಿಳಿಯುತ್ತದೆ. ಇ-ರೇರ್ ಅನ್ನುವ ಎರಾ-ನೆಟ್ ಹುಟ್ಟಿದ್ದು ಈ ಕಾರಣಕ್ಕೆ. ಅದು 2007ರಿಂದ ಅಪರೂಪದ ಕಾಯಿಲೆಗಳ ಮೇಲೆ ಹಲವು ದೇಶಗಳ ಜಂಟಿ ಅರ್ಜಿಗಳನ್ನು ಕರೆಯಲು ಶುರುಮಾಡಿತು. ನನ್ನ ಮಟ್ಟಿಗೆ ಈ ಇಡೀ ಪದ್ಧತಿ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಉತ್ತರ ಇಲ್ಲ.

ಶುರುವಿನಲ್ಲಿ, ಅಂದರೆ ಒಕ್ಕೂಟ ಕೆಲವು ವರ್ಷಗಳಿಗೊಮ್ಮೆ ಹಾಕಿಕೊಳ್ಳುವ ಸಂಶೋಧನಾ ಯೋಜನೆಗಳ ಸಾಲಿನ ಆರನೇ ಚೌಕಟ್ಟು ಕಾರ್ಯಕ್ರಮದಲ್ಲಿ (2002–2006), ಕಮಿಷನ್ ಸಂಶೋಧನೆಗೆ ಹಣ ಕೊಡಲಿಲ್ಲ. ಹಣ ಕೊಡುವ ಸಂಸ್ಥೆಗಳು ಒಟ್ಟಿಗೆ ಕೂತು ಮಾತಾಡುವ ಖರ್ಚನ್ನು ಮಾತ್ರ ಕೊಟ್ಟಿತು: ಸಭೆ, ಕಚೇರಿ, ಸಿಬ್ಬಂದಿ ಇಂಥವು. ಸಂಶೋಧನೆಯ ದುಡ್ಡು ಪೂರ್ತಿ ದೇಶಗಳದ್ದೇ. ಏಳನೇ ಕಾರ್ಯಕ್ರಮದಲ್ಲಿ (2007–2013) ಎರಾ-ನೆಟ್ ಪ್ಲಸ್ ಬಂತು. ದೇಶಗಳು ಜಂಟಿಯಾಗಿ ಹಣ ಕೂಡಿಸಿದರೆ ಒಟ್ಟು ಮೊತ್ತದ ಮೂರನೇ ಒಂದು ಭಾಗದವರೆಗೆ ಒಕ್ಕೂಟವೂ ಹಾಕುತ್ತದೆ ಅನ್ನುವ ವ್ಯವಸ್ಥೆ. ಅದರ ಮುಂದಿನ ಕಾರ್ಯಕ್ರಮವಾದ ಹೊರೈಜನ್ 2020ರಲ್ಲಿ ಇದೇ ಎರಾ-ನೆಟ್ ಕೋಫಂಡ್ ಆಯಿತು. 2021ರಿಂದ ನಡೆಯುತ್ತಿರುವ ಹೊರೈಜನ್ ಯುರೋಪ್‌ನಲ್ಲಿ ಹೊಸದಾಗಿ ಎರಾ-ನೆಟ್ ಅಂತ ಕರೆಯುವುದು ನಿಂತಿದೆ, ಸಹ-ಹಣದ ಪಾಲುದಾರಿಕೆ ಅನ್ನುತ್ತಾರೆ. ಜೀವವೈವಿಧ್ಯದ ಮೇಲೆ ಕೆಲಸ ಮಾಡುವ ಬಯೋಡೈವರ್ಸಾ ಪ್ಲಸ್ ಅಂಥದ್ದು.

ಈಗ ಮುಖ್ಯ ವಿಷಯ. ಎಲ್ಲರ ದುಡ್ಡನ್ನೂ ನಿಜವಾಗಿ ಒಂದೇ ಪೆಟ್ಟಿಗೆಗೆ ಹಾಕಿ, ಒಳ್ಳೆಯ ಯೋಜನೆ ಯಾವ ದೇಶದ್ದಾದರೂ ಅದಕ್ಕೆ ಕೊಡುವುದು ಒಂದು ದಾರಿ. ಇದಕ್ಕೆ ರಿಯಲ್ ಕಾಮನ್ ಪಾಟ್ ಅನ್ನುತ್ತಾರೆ. ಕೇಳಲು ಚಂದ, ನಡೆಯುವುದು ಕಡಿಮೆ. ನಮ್ಮ ತೆರಿಗೆಯ ಹಣ ನಮ್ಮ ಸಂಶೋಧಕರಿಗೇ ಬರಬೇಕು ಅಂತ ದೇಶಗಳು ಹಟ ಹಿಡಿಯುತ್ತವೆ. ಬ್ರಸೆಲ್ಸ್‌ನಲ್ಲಿ ಇದಕ್ಕೆ ಫ್ರೆಂಚಿನ 'ಜುಸ್ತ್ ರೆತೂರ್' (ಕೊಟ್ಟಷ್ಟು ನ್ಯಾಯವಾಗಿ ವಾಪಸ್ ಬರಲಿ) ಅನ್ನುವ ಮಾತೇ ಓಡಾಡುತ್ತದೆ. ಹೊರದೇಶಕ್ಕೆ ಹಣ ಕಳಿಸಲು ಕೆಲವು ಸಂಸ್ಥೆಗಳ ನಿಯಮವೂ ಬಿಡುವುದಿಲ್ಲ. ಹಾಗಾಗಿ ಹೆಚ್ಚು ನಡೆಯುವುದು ವರ್ಚುವಲ್ ಕಾಮನ್ ಪಾಟ್. ಅರ್ಜಿ ಕರೆಯುವುದು ಒಟ್ಟಿಗೆ, ಅಂತರರಾಷ್ಟ್ರೀಯ ಸಮಿತಿ ಒಂದೇ, ರ‍್ಯಾಂಕ್ ಪಟ್ಟಿ ಒಂದೇ, ಆದರೆ ಪ್ರತಿ ದೇಶದ ಹಣ ಆ ದೇಶದ ತಂಡಕ್ಕೆ ಮಾತ್ರ.

ಇದರಿಂದ ಏನಾಗುತ್ತದೆ ಅಂತ ಒಂದು ಲೆಕ್ಕ ಹಾಕಿ ನೋಡೋಣ, ಅಂಕಿಗಳು ಉದಾಹರಣೆಗೆ ಮಾತ್ರ. ಜರ್ಮನಿ 30 ಲಕ್ಷ ಯುರೋ ಇಟ್ಟಿದೆ, ಪೋಲೆಂಡ್ 10 ಲಕ್ಷ, ಪೋರ್ಚುಗಲ್ 4 ಲಕ್ಷ. ಪೋರ್ಚುಗಲ್‌ನ ಪ್ರತಿ ತಂಡ 2 ಲಕ್ಷ ಕೇಳಿದೆ. ಒಂದನೇ ಮತ್ತು ಮೂರನೇ ರ‍್ಯಾಂಕಿನ ಯೋಜನೆಗಳಲ್ಲಿ ಪೋರ್ಚುಗಲ್‌ನ ತಂಡ ಇದೆ, ಅಲ್ಲಿಗೆ ಅದರ ಹಣ ಮುಗಿಯಿತು. ನಾಲ್ಕನೇ ರ‍್ಯಾಂಕಿನಲ್ಲೂ ಪೋರ್ಚುಗಲ್ ಇದ್ದರೆ ಆ ಯೋಜನೆ ಬಿದ್ದುಹೋಗುತ್ತದೆ. ಜರ್ಮನಿಯ ಹತ್ತಿರ ಇನ್ನೂ ಬೇಕಾದಷ್ಟು ಉಳಿದಿದ್ದರೂ ಉಪಯೋಗ ಇಲ್ಲ. ಒಂಬತ್ತನೆಯದರಲ್ಲಿ ಪೋರ್ಚುಗಲ್ ಇಲ್ಲ, ಅದಕ್ಕೆ ಹಣ ಸಿಗಬಹುದು. ನಾಲ್ಕನೆಯವರು ಮಾಡಿದ ತಪ್ಪಾದರೂ ಏನು? ಏನೂ ಇಲ್ಲ, ಪಾಲುದಾರರ ದೇಶದ ಹಣ ಬೇಗ ಖಾಲಿಯಾಯಿತು ಅಷ್ಟೆ.

ಈ ಕಂದಕ ತುಂಬಲೆಂದೇ ಮಿಕ್ಸೆಡ್ ಮೋಡ್ ಅಂತ ಮೂರನೆಯದೊಂದು ಬಂತು. ದೇಶಗಳ ಹಣ ಅವರವರಿಗೇ ಇರಲಿ, ಒಕ್ಕೂಟ ಕೊಡುವ ಪಾಲನ್ನು ಮಾತ್ರ ಯಾರ ಹಣ ಸಾಲದೋ ಅಲ್ಲಿಗೆ ಹಾಕಿ ರ‍್ಯಾಂಕ್ ಪಟ್ಟಿಯಲ್ಲಿ ಆದಷ್ಟು ಕೆಳಗಿನವರೆಗೆ ಹೋಗೋಣ ಅಂತ. ನನ್ನನ್ನು ಕೇಳಿದರೆ ಒಕ್ಕೂಟದ ದುಡ್ಡು ಅತಿ ಹೆಚ್ಚು ಕೆಲಸ ಮಾಡುವುದು ಇಲ್ಲೇ. ಹತ್ತಿಪ್ಪತ್ತು ಸಾವಿರ ಯುರೋ ಸಾಲದೆ ಮೂರು ದೇಶದ ಕೆಲಸ ಕೆಡುವುದು ತಪ್ಪಿದರೆ ಅದು ಸಣ್ಣ ಲಾಭ ಅಲ್ಲ, ಅಲ್ವಾ?

ದುಡ್ಡಿಗಿಂತ ಜಾಸ್ತಿ ತಲೆನೋವು ಕೊಡುವುದು ನಿಯಮಗಳು. ಒಂದು ದೇಶ ಕಂಪನಿಗಳಿಗೂ ಹಣ ಕೊಡುತ್ತದೆ, ಇನ್ನೊಂದು ವಿಶ್ವವಿದ್ಯಾಲಯಗಳಿಗೆ ಮಾತ್ರ. ಒಂದು ಕಡೆ ಕಾಯಂ ನೌಕರರ ಸಂಬಳವನ್ನೂ ಯೋಜನೆಯ ಲೆಕ್ಕಕ್ಕೆ ಹಾಕಬಹುದು, ಇನ್ನೊಂದು ಕಡೆ ಹೊಸದಾಗಿ ತೆಗೆದುಕೊಂಡವರದ್ದು ಮಾತ್ರ. ಒಂದು ತಂಡ ತನ್ನ ದೇಶದ ನಿಯಮ ಮುರಿದರೆ ಇಡೀ ಅರ್ಜಿಯೇ ವಿಜ್ಞಾನದ ಪರಿಶೀಲನೆಗೆ ಹೋಗುವ ಮೊದಲೇ ಬಿದ್ದುಹೋಗಬಹುದು. ಅದಕ್ಕೇ ಅರ್ಜಿಗಳ ಪ್ರತಿ ಜಂಟಿ ಕರೆಗೂ ಒಂದು ಸೆಕ್ರೆಟೇರಿಯೆಟ್ ಇರುತ್ತದೆ, ಪ್ರತಿ ದೇಶಕ್ಕೂ ಒಬ್ಬ ಸಂಪರ್ಕಾಧಿಕಾರಿ ಇರುತ್ತಾರೆ. ಹೊರಗಿನವರಿಗೆ ಕಾಣದ ಇವರ ಕೆಲಸದ ಮೇಲೇ ಎಲ್ಲ ನಿಂತಿದೆ. ಕ್ವಾಂಟಂ ತಂತ್ರಜ್ಞಾನದ ಕ್ವಾಂಟ್‌ಎರಾವನ್ನು ನಡೆಸುವುದು ಪೋಲೆಂಡಿನ ಕ್ರಾಕೋವ್‌ನಲ್ಲಿರುವ ರಾಷ್ಟ್ರೀಯ ವಿಜ್ಞಾನ ಕೇಂದ್ರ. ದೊಡ್ಡ ದೇಶಗಳೇ ಮುಂದಾಳುಗಳಾಗಬೇಕು ಅಂತೇನೂ ಇಲ್ಲ ಅನ್ನುವುದಕ್ಕೆ ಇದು ಒಳ್ಳೆಯ ಸಾಕ್ಷಿ.

ಸಣ್ಣ ದೇಶಗಳಿಗೆ ಇನ್ನೊಂದು ಲಾಭವಿದೆ, ಅದರ ಬಗ್ಗೆ ಮಾತು ಕಡಿಮೆ. ಒಂದು ವಿಷಯದಲ್ಲಿ ಕೆಲಸ ಮಾಡುವವರು ದೇಶದಲ್ಲಿ ಬೆರಳೆಣಿಕೆಯಷ್ಟು ಇದ್ದಾಗ ಎಲ್ಲರೂ ಎಲ್ಲರಿಗೂ ಗೊತ್ತು. ಒಬ್ಬರ ಅರ್ಜಿಯನ್ನು ಇನ್ನೊಬ್ಬರು ಮುಲಾಜಿಲ್ಲದೆ ಅಳೆಯುವುದು ಕಷ್ಟ. ಹೊರಗಿನ ಸಮಿತಿ ಬಂದರೆ ಆ ತೊಂದರೆ ಇರುವುದಿಲ್ಲ.

ಭಾರತಕ್ಕೂ ಇದರ ನಂಟಿದೆ. ಏಳನೇ ಕಾರ್ಯಕ್ರಮದ ಕಾಲದಲ್ಲಿ ನ್ಯೂ ಇಂಡಿಗೋ, ಆಮೇಲೆ ಇನ್ನೋ ಇಂಡಿಗೋ ಅನ್ನುವ ಎರಾ-ನೆಟ್‌ಗಳು ಭಾರತ ಮತ್ತು ಯುರೋಪಿನ ನಡುವೆಯೇ ನಡೆದವು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಅವುಗಳಲ್ಲಿ ಪಾಲುದಾರ ಆಗಿತ್ತು. ಅಲ್ಲೂ ಇದೇ ಕ್ರಮ: ಭಾರತದ ತಂಡಕ್ಕೆ ಭಾರತದ ಹಣ, ಯುರೋಪಿನ ತಂಡಕ್ಕೆ ಅವರವರ ದೇಶದ ಹಣ. ಭಾರತ ಸೇರದ ಕರೆಗಳಲ್ಲೂ ಬೆಂಗಳೂರಿನ ಲ್ಯಾಬ್ ಒಂದು ತನ್ನ ಖರ್ಚು ತಾನೇ ನೋಡಿಕೊಂಡು ಪಾಲುದಾರ ಆಗಲು ಎಷ್ಟೋ ಕಡೆ ಅವಕಾಶ ಇರುತ್ತದೆ. ಕರೆಯ ಮುಖ್ಯ ದಾಖಲೆ ಓದಿ ಸುಮ್ನೆ ಬಿಡಬೇಡಿ, ಹಿಂದೆ ಸೇರಿಸಿರುವ ದೇಶವಾರು ನಿಯಮಗಳ ಪುಟಗಳನ್ನು ಮೊದಲು ತೆರೆಯಿರಿ. ಪೋಸ್ಟ್‌ಡಾಕ್‌ಗೆ ಹೋಗುವವರೂ ಅಷ್ಟೆ, ಗುತ್ತಿಗೆ ಎಷ್ಟು ವರ್ಷದ್ದು, ಸಂಬಳ ಯಾವ ಶ್ರೇಣಿಯದ್ದು ಅಂತ ಕೇಳಬೇಕಾದ್ದು ಬ್ರಸೆಲ್ಸ್ ಅನ್ನಲ್ಲ, ಹೋಗುತ್ತಿರುವ ಲ್ಯಾಬನ್ನು.