ನೆಂಟ ತಿರುಗಿಸಿಟ್ಟ ಗಡಿಯಾರ

ನಮ್ಮ ಅಜ್ಜಿ ಮನೆಯ ಗೋಡೆ ಗಡಿಯಾರ ಯಾವಾಗಲೂ ಹತ್ತು ನಿಮಿಷ ಮುಂದೆ ಇರುತ್ತಿತ್ತು. ಬೆಳಗಿನ ಬಸ್ಸು ತಪ್ಪಬಾರದು ಅಂತ ಅಜ್ಜ ಬೇಕೆಂದೇ ಹಾಗೆ ಇಟ್ಟಿದ್ದರು. ಮನೆಯವರಿಗೆಲ್ಲ ಅದು ಗೊತ್ತಿತ್ತು. ಗಡಿಯಾರ ನೋಡಿದವರು ಮನಸ್ಸಿನಲ್ಲೇ ಹತ್ತು ಕಳೆದುಕೊಳ್ಳುತ್ತಿದ್ದರು. ಹಾಗೆ ಕಳೆದುಕೊಂಡರೆ ಮುಂದೆ ಇಟ್ಟು ಏನು ಪ್ರಯೋಜನ ಅಂತ ಮಾತ್ರ ಯಾರೂ ಕೇಳಲಿಲ್ಲ. ಒಮ್ಮೆ ಬಂದ ನೆಂಟರೊಬ್ಬರು ‘ಪಾಪ, ಗಡಿಯಾರ ತಪ್ಪು ತೋರಿಸ್ತಿದೆ’ ಅಂತ ರಾತ್ರಿ ಸರಿಮಾಡಿಟ್ಟರು. ಬೆಳಿಗ್ಗೆ ಎಲ್ಲರೂ ಅಭ್ಯಾಸದಂತೆ ಹತ್ತು ಕಳೆದರು. ಇಡೀ ಮನೆಗೆ ಬಸ್ಸು ತಪ್ಪಿತು.

ಹೋದ ತಿಂಗಳು ನನ್ನ ಲ್ಯಾಪ್‌ಟಾಪಿನಲ್ಲೂ ಇಂಥದ್ದೇ ನಡೆಯಿತು. ನೆಂಟನ ಹೆಸರು ಲಿನಕ್ಸ್.

ಲ್ಯಾಪ್‌ಟಾಪ್ ಹಳೆಯದು. ಇಂಟೆಲ್‌ನ ಏಳನೇ ತಲೆಮಾರಿನ ಐ3, 4 ಜಿಬಿ ರ್‍ಯಾಮ್. ಕೆಟ್ಟಿಲ್ಲ, ಕೀಲಿಮಣೆಯ ಒಂದೆರಡು ಅಕ್ಷರ ಸವೆದಿವೆ ಅಷ್ಟೇ. ಆದರೆ ವಿಂಡೋಸ್ 10ರ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ನನ್ನದು ಇಲ್ಲ. ಗುಜರಿಗೆ ಹಾಕಲು ಮನಸ್ಸಿಲ್ಲ. ಹಾಗಾಗಿ ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸನ್ನು ಸುಮ್ನೆ ಒಮ್ಮೆ ನೋಡೋಣ ಅಂತ ಕೂತೆ.

ಕೂತ ಕೂಡಲೇ ಮೊದಲ ತಲೆನೋವು: ಯಾವ ಲಿನಕ್ಸ್? ಲಿನಕ್ಸ್ ಅಂದರೆ ನಿಜಕ್ಕೂ ಕರ್ನಲ್ ಮಾತ್ರ. ಪ್ರೊಸೆಸರ್, ಮೆಮೊರಿ, ಡಿಸ್ಕ್‌ಗಳನ್ನು ನೋಡಿಕೊಳ್ಳುವ ಒಳಗಿನ ತಂತ್ರಾಂಶ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ 21 ವರ್ಷದ ಲಿನಸ್ ಟೊರ್ವಾಲ್ಡ್ಸ್ ಬರೆಯಲು ಶುರುಮಾಡಿದ್ದು ಅದನ್ನೇ. ಬರೀ ಕರ್ನಲ್ ಇಟ್ಟುಕೊಂಡು ನಾವು ನೀವು ಏನೂ ಮಾಡುವ ಹಾಗಿಲ್ಲ. ಬಸ್ಸಿನ ಚಾಸಿ ಇದ್ದ ಹಾಗೆ ಅದು. ಎಂಜಿನ್ ಇದೆ, ಚಕ್ರ ಇದೆ, ಕೂರಲು ಸೀಟಿಲ್ಲ. ನಮ್ಮಲ್ಲಿ ಚಾಸಿ ಒಂದು ಕಡೆ ತಯಾರಾಗುತ್ತದೆ, ಬಾಡಿ ಕಟ್ಟುವವರೇ ಬೇರೆ. ಒಬ್ಬರು ಸ್ಲೀಪರ್ ಕಟ್ಟುತ್ತಾರೆ, ಇನ್ನೊಬ್ಬರು ಶಾಲಾ ಬಸ್ಸು. ಲಿನಕ್ಸ್ ಡಿಸ್ಟ್ರೋಗಳು ಅಂದರೆ ಈ ಬಾಡಿ ಕಟ್ಟುವವರು. ಇಯಾನ್ ಮರ್ಡಾಕ್ 1993ರಲ್ಲಿ ಶುರುಮಾಡಿದ ಡೆಬಿಯನ್ ಅವರಲ್ಲಿನ ಹಿರಿಯರಲ್ಲೊಂದು. ಗೆಳತಿ ಡೆಬ್ರಾಳ ಹೆಸರನ್ನೂ ತನ್ನ ಹೆಸರನ್ನೂ ಜೋಡಿಸಿ ಆತ ಮಾಡಿದ ಹೆಸರು ಅದು. ಡೆಬಿಯನ್ ಮೇಲೆ 2004ರಲ್ಲಿ ಉಬುಂಟು ಬಂತು. ಉಬುಂಟು ಮೇಲೆ 2006ರಲ್ಲಿ ಲಿನಕ್ಸ್ ಮಿಂಟ್. ಮಿಂಟ್‌ನವರು ಪ್ರತಿ ಆವೃತ್ತಿಗೂ ಹೆಣ್ಣುಮಕ್ಕಳ ಹೆಸರಿಡುತ್ತಾರೆ. ಮೊದಲನೆಯದು ಏಡಾ, 22ನೆಯದು ವಿಲ್ಮಾ. ನಾನು ಆರಿಸಿಕೊಂಡಿದ್ದು ಮಿಂಟ್‌ನ ಹಗುರ ರೂಪ, ಎಕ್ಸ್‌ಎಫ್‌ಸಿಇ.

ಇಳಿಸಿಕೊಂಡ ಫೈಲು ಸುಮಾರು 3 ಜಿಬಿ. ಅದನ್ನು ಪೆನ್‌ಡ್ರೈವಿಗೆ ಬರೆಯುವ ಮೊದಲು ಒಂದು ಕೆಲಸವಿದೆ. ಬಹಳ ಜನ ಬಿಟ್ಟುಬಿಡುತ್ತಾರೆ, ಬಿಡಬಾರದು. ಅದು ಚೆಕ್‌ಸಮ್ ನೋಡುವುದು. ಎಸ್‌ಎಚ್‌ಎ-256 ಎಂಬ ಲೆಕ್ಕ ಇಡೀ ಫೈಲನ್ನು ಅರೆದು 64 ಅಂಕಿ-ಅಕ್ಷರಗಳ ಒಂದು ಸಾಲು ಮಾಡಿಕೊಡುತ್ತದೆ. ಅದನ್ನು ಜಾಲತಾಣದಲ್ಲಿ ಕೊಟ್ಟ ಸಾಲಿನ ಜೊತೆ ತಾಳೆ ನೋಡಬೇಕು. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಆ ಸಾಲು ಗುರುತೇ ಸಿಗದಷ್ಟು ಬೇರೆಯಾಗುತ್ತದೆ. ಇದು ಅತಿ ಎಚ್ಚರಿಕೆ ಅನ್ನಿಸಬಹುದು. ಆದರೆ 2016ರ ಫೆಬ್ರವರಿಯಲ್ಲಿ ಕಳ್ಳರು ಮಿಂಟ್‌ನ ಜಾಲತಾಣಕ್ಕೇ ನುಗ್ಗಿದ್ದರು. ಡೌನ್‌ಲೋಡ್ ಕೊಂಡಿಯನ್ನು ತಾವು ಹಿಂಬಾಗಿಲು ಕೊರೆದಿಟ್ಟ ಪ್ರತಿಯ ಕಡೆಗೆ ತಿರುಗಿಸಿದ್ದರು. ಚೆಕ್‌ಸಮ್ ನೋಡಿದವರಿಗೆ ಅದು ಗೊತ್ತಾಗುತ್ತಿತ್ತು. ಕೊಂಡಿ ತಿರುಗಿಸಿದವನು ಪಕ್ಕದಲ್ಲಿರುವ ಚೆಕ್‌ಸಮ್ಮನ್ನೂ ತಿದ್ದಬಹುದಲ್ವಾ? ತಿದ್ದಬಹುದು. ಅದಕ್ಕೇ ಆ ಚೆಕ್‌ಸಮ್ ಪಟ್ಟಿಯ ಮೇಲೆ ತಯಾರಕರ ಡಿಜಿಟಲ್ ಸಹಿಯೂ ಇರುತ್ತದೆ. ಅದನ್ನು ನಕಲು ಮಾಡುವುದು ಅಷ್ಟು ಸುಲಭವಲ್ಲ.

ಪೆನ್‌ಡ್ರೈವ್ ಚುಚ್ಚಿ, ಅದರಿಂದಲೇ ಶುರುವಾಗಲಿ ಅಂತ ಆನ್ ಮಾಡುವಾಗ ಎಫ್12 ಒತ್ತಿದೆ. ನಿಮ್ಮ ಮಷೀನಿನಲ್ಲಿ ಬೇರೆ ಕೀ ಇರಬಹುದು. ಎರಡು ನಿಮಿಷದಲ್ಲಿ ಹೊಸ ಪರದೆ ಬಂತು. ಇಲ್ಲಿ ನಿಜವಾದ ಬೆರಗಿದೆ. ನನ್ನ ಹಾರ್ಡ್ ಡಿಸ್ಕಿನಲ್ಲಿ ಒಂದು ಅಕ್ಷರವೂ ಬರೆದಿಲ್ಲ. ಆದರೂ ಬ್ರೌಸರ್ ತೆರೆಯುತ್ತದೆ. ಫೈಲು ಉಳಿಸಬಹುದು, ವಾಲ್‌ಪೇಪರ್ ಬದಲಿಸಬಹುದು, ಹೊಸ ತಂತ್ರಾಂಶವನ್ನೂ ಹಾಕಬಹುದು. ಇದಕ್ಕೆ ಲೈವ್ ಸೆಷನ್ ಅನ್ನುತ್ತಾರೆ. ಇದೆಲ್ಲ ಎಲ್ಲಿ ಬರೆದುಕೊಳ್ಳುತ್ತಿದೆ ಹಾಗಾದರೆ?

ಕಸೂತಿ ಹಾಕುವವರು ಚಿತ್ರದ ಮೇಲೆ ಬಟರ್ ಪೇಪರ್ ಇಡುವುದು ನೋಡಿದ್ದೀರಲ್ವಾ? ಕೆಳಗಿನ ಚಿತ್ರ ಕಾಣುತ್ತದೆ, ಗೀಚುವುದು ಮೇಲಿನ ಹಾಳೆಯಲ್ಲಿ. ಲೈವ್ ಸೆಷನ್ ಮಾಡುವುದೂ ಇದನ್ನೇ. ಇಡೀ ಸಿಸ್ಟಮ್ ಪೆನ್‌ಡ್ರೈವಿನಲ್ಲಿ ಸ್ಕ್ವಾಷ್‌ಎಫ್‌ಎಸ್ ಎಂಬ ಒತ್ತಿ ಹಿಂಡಿದ ರೂಪದಲ್ಲಿರುತ್ತದೆ. ಅದನ್ನು ಓದಬಹುದು, ತಿದ್ದುವಂತಿಲ್ಲ. ಅದರ ಮೇಲೆ ಕರ್ನಲ್ ರ್‍ಯಾಮ್‌ನಲ್ಲಿ ಒಂದು ಖಾಲಿ ಪದರ ಹಾಸುತ್ತದೆ. ಇದು ಓವರ್‌ಲೇ, ನಮ್ಮ ಬಟರ್ ಪೇಪರ್. ನೀವು ಒಂದು ಸೆಟ್ಟಿಂಗ್ ಬದಲಿಸಿದಿರಿ ಅನ್ನಿ. ಆ ಫೈಲಿನ ಒಂದು ನಕಲು ಮೇಲಿನ ಪದರಕ್ಕೆ ಬಂದು, ತಿದ್ದುಪಡಿ ಅಲ್ಲಿ ಆಗುತ್ತದೆ. ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಅಳಿಸುವ ಉಪಾಯ. ಕೆಳಗಿನದನ್ನು ಅಳಿಸಲು ಆಗುವುದಿಲ್ಲವಲ್ಲ. ಅದಕ್ಕೆ ಮೇಲಿನ ಪದರದಲ್ಲಿ ಆ ಜಾಗಕ್ಕೆ ಒಂದು ಬಿಳಿ ತೇಪೆ ಹಚ್ಚುತ್ತದೆ. ಫೈಲು ಅಲ್ಲೇ ಇದೆ, ನಮಗೆ ಕಾಣುವುದಿಲ್ಲ ಅಷ್ಟೇ. ಮಷೀನ್ ಆಫ್ ಮಾಡಿದರೆ ರ್‍ಯಾಮ್ ಖಾಲಿ, ಬಟರ್ ಪೇಪರ್ ಮಾಯ.

ಜರ್ಮನಿಯ ಕ್ಲಾಸ್ ಕ್ನಾಪರ್ 2000ನೇ ಇಸವಿಯಲ್ಲೇ ಕ್ನಾಪಿಕ್ಸ್ ಎಂಬ ಡಿಸ್ಟ್ರೋ ಮಾಡಿ, ಸಿಡಿಯಿಂದ ನೇರವಾಗಿ ಓಡುವ ಇಂಥ ಲಿನಕ್ಸನ್ನು ಜನಪ್ರಿಯಗೊಳಿಸಿದರು. ಸಿಡಿ ಗಿರ್ರೆಂದು ತಿರುಗುತ್ತಾ ಒಂದೊಂದು ಮೆನುವಿಗೂ ಕಾಯಿಸುತ್ತಿದ್ದ ಕಾಲ ಅದು. ಪೆನ್‌ಡ್ರೈವಿನಲ್ಲಿ ಅಷ್ಟು ಕಾಯಬೇಕಿಲ್ಲ. ಆದರೆ 4 ಜಿಬಿಯಲ್ಲಿ ಬಟರ್ ಪೇಪರಿಗೂ ಜಾಗ, ಬ್ರೌಸರಿಗೂ ಜಾಗ ಆಗಬೇಕು. ದೊಡ್ಡ ಸಿನಿಮಾ ಇಳಿಸಲು ಹೋದರೆ ಮಷೀನು ಏದುಸಿರು ಬಿಡುತ್ತದೆ. ಲೈವ್‌ನಲ್ಲಿ ನಿಧಾನ ಅಂತ ಡಿಸ್ಟ್ರೋವನ್ನು ತಿರಸ್ಕರಿಸುವುದು ಅನ್ಯಾಯ.

ಲೈವ್‌ನಲ್ಲಿ ನೋಡಬೇಕಾದ್ದು ಅಂದಚಂದ ಅಲ್ಲ, ಹಾರ್ಡ್‌ವೇರ್. ಸೌಂಡ್ ಬರುತ್ತದಾ, ಮುಚ್ಚಳ ಮುಚ್ಚಿ ತೆಗೆದರೆ ಎಚ್ಚರವಾಗುತ್ತದಾ, ವೈಫೈ ಕಾಣುತ್ತದಾ. ನನಗೆ ವೈಫೈ ಕಾಣಲಿಲ್ಲ. ವೈಫೈ ಚಿಪ್ ಒಳಗೂ ಒಂದು ಪುಟಾಣಿ ಕಂಪ್ಯೂಟರ್ ಇರುತ್ತದೆ. ಅದಕ್ಕೆ ಪ್ರತಿ ಸಲ ಫರ್ಮ್‌ವೇರ್ ಎಂಬ ತಂತ್ರಾಂಶವನ್ನು ತುಂಬಿಸಬೇಕು. ಕೆಲವು ಚಿಪ್ ತಯಾರಕರು ಅದನ್ನು ಮುಕ್ತವಾಗಿ ಹಂಚಲು ಬಿಡುವುದಿಲ್ಲ. ಹಾಗಾಗಿ ಬೇರೆಯಾಗಿ ಹಾಕಿಕೊಳ್ಳಬೇಕು. ಹಾಕಿಕೊಳ್ಳಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ವೈಫೈ ಬೇಕು! ಫೋನನ್ನು ಕೇಬಲ್‌ನಲ್ಲಿ ಚುಚ್ಚಿ, ಅದರ ಇಂಟರ್‌ನೆಟ್ ಹಂಚಿಕೊಳ್ಳುವ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ. ಐದು ನಿಮಿಷದಲ್ಲಿ ದಾರಿ ಸಿಕ್ಕಿತು.

ಕನ್ನಡ? ಕೀಲಿಮಣೆ ಪಟ್ಟಿಯಲ್ಲಿ ಭಾರತದ ಗುಂಪಿನಲ್ಲಿ ಕನ್ನಡ ಕಗಪ ಅಂತಲೇ ಇದೆ. ನುಡಿ ತಂತ್ರಾಂಶದ ಇದೇ ಕೀಲಿ ಜೋಡಣೆಯಲ್ಲಿ ಬೆರಳು ಪಳಗಿಸಿದವರು ಏನೂ ಮರೆಯಬೇಕಿಲ್ಲ. ‘ಅರ್ಕಾವತಿ’ ಅಂತ ಬರೆದು, ಅರ್ಕಾವೊತ್ತು ಸರಿಯಾದ ಜಾಗದಲ್ಲಿ ಕೂತಿದ್ದು ನೋಡಿ ಸಮಾಧಾನವಾಯಿತು.

ಅರ್ಧ ದಿನ ಆಟವಾಡಿ, ಪೆನ್‌ಡ್ರೈವ್ ಕಿತ್ತು, ಹಳೆಯ ವಿಂಡೋಸ್ ಆನ್ ಮಾಡಿದೆ. ಹೊರಗೆ ಸಂಜೆ ದೀಪ ಹಚ್ಚುವ ಹೊತ್ತು. ಪರದೆ ಮೂಲೆಯಲ್ಲಿ ಮಧ್ಯಾಹ್ನ 1 ಗಂಟೆ.

ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿದೆ ಅಂದುಕೊಂಡೆ. ಆದರೆ ಸೆಲ್ ಸತ್ತರೆ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಇಲ್ಲಿ ತಾರೀಕು ಸರಿಯಿದೆ. ಫೋನ್ ನೋಡಿದರೆ 6:30. ಸರಿಯಾಗಿ ಐದೂವರೆ ಗಂಟೆ ಹಿಂದೆ. ಆ ಐದೂವರೆ ಯಾರದ್ದು ಅಂತ ನಮಗೆಲ್ಲ ಗೊತ್ತು. ಗ್ರೀನಿಚ್‌ಗೂ ನಮಗೂ ಇರುವ ಅಂತರ.

ಕಂಪ್ಯೂಟರ್ ಆಫ್ ಆಗಿದ್ದಾಗಲೂ ಓಡುವ ಒಂದು ಚಿಕ್ಕ ಗಡಿಯಾರ ಮದರ್‌ಬೋರ್ಡಿನಲ್ಲಿದೆ. 1984ರ ಐಬಿಎಂ ಪಿಸಿ ಎಟಿ ಕಾಲದಿಂದ ಬಂದದ್ದು. ಆ ಚಿಪ್ಪಿನಲ್ಲಿ ಗಂಟೆ, ನಿಮಿಷ, ತಾರೀಕು ಬರೆಯಲು ಜಾಗವಿತ್ತು. ಅದು ಯಾವ ಊರಿನ ಗಂಟೆ ಅಂತ ಬರೆಯಲು ಜಾಗವಿರಲಿಲ್ಲ. ವಿಂಡೋಸ್‌ಗೂ ಮುಂಚಿನ ಡಾಸ್ ಅದರಲ್ಲಿ ಸ್ಥಳೀಯ ಸಮಯ ಇಟ್ಟಿತು, ವಿಂಡೋಸ್ ಅದನ್ನೇ ಮುಂದುವರಿಸಿತು. ಲಿನಕ್ಸ್ ಸೇರಿದ ಯುನಿಕ್ಸ್ ವಂಶದ್ದು ಬೇರೆಯೇ ಪದ್ಧತಿ. 1970ರ ಜನವರಿ 1ರಿಂದ ಎಷ್ಟು ಸೆಕೆಂಡು ಕಳೆಯಿತು ಅಂತ ಯುಟಿಸಿಯಲ್ಲಿ, ಅಂದರೆ ಗ್ರೀನಿಚ್ ಸಮಯದಲ್ಲಿ ಎಣಿಸುವುದು, ತೋರಿಸುವಾಗ ಮಾತ್ರ ಐದೂವರೆ ಗಂಟೆ ಕೂಡಿಸುವುದು. ಟೆದರಿಂಗ್ ಆನ್ ಆದದ್ದೇ ತಡ, ನೆಂಟ ಇಂಟರ್‌ನೆಟ್‌ನಲ್ಲಿ ಸರಿಯಾದ ಸಮಯ ಕೇಳಿಕೊಂಡಿದ್ದಾನೆ. ಹಾಗೆ ಹೊಂದಿಸಿಕೊಂಡ ಮೇಲೆ ಕರ್ನಲ್ ಪ್ರತಿ 11 ನಿಮಿಷಕ್ಕೊಮ್ಮೆ ಆ ಚಿಕ್ಕ ಗಡಿಯಾರವನ್ನೂ ಯುಟಿಸಿಗೆ ತಿದ್ದುತ್ತದೆ. ಡಿಸ್ಕ್ ಮುಟ್ಟಿರಲಿಲ್ಲ ನಿಜ. ಗೋಡೆ ಗಡಿಯಾರ ಮುಟ್ಟಿದ್ದ.

ವಿಂಡೋಸ್‌ನಲ್ಲಿ ಇಂಟರ್‌ನೆಟ್ ಸಮಯಕ್ಕೆ ಹೊಂದಿಸು ಅಂತ ಒಮ್ಮೆ ಒತ್ತಿದರೆ ಎಲ್ಲ ಸರಿಹೋಗುತ್ತದೆ, ಹೋಯಿತು ಕೂಡ. ಆಮೇಲೆ ನಾನು ಮಿಂಟನ್ನು ಹಳೆಯದರ ಪಕ್ಕದಲ್ಲೇ ಇನ್‌ಸ್ಟಾಲ್ ಮಾಡಿಕೊಂಡೆ. ‘ಈ ಮನೆಯಲ್ಲಿ ಗಡಿಯಾರ ಸ್ಥಳೀಯ ಸಮಯದ್ದು’ ಅಂತ ಟರ್ಮಿನಲ್‌ನಲ್ಲಿ ಒಂದು ಸಾಲಿನ ಆಜ್ಞೆ ಕೊಟ್ಟೆ. ಒಪ್ಪಿಕೊಂಡಿತು. ಆದರೆ ಗಡಿಯಾರದ ಸ್ಥಿತಿ ಹೇಗಿದೆ ಅಂತ ಕೇಳಿದಾಗಲೆಲ್ಲ ಒಂದು ಎಚ್ಚರಿಕೆ ತೋರಿಸುತ್ತದೆ: ಈ ವ್ಯವಸ್ಥೆಗೆ ಪೂರ್ತಿ ಬೆಂಬಲ ಇಲ್ಲ, ಬೇಸಿಗೆ ಬಂದಾಗ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ದೇಶಗಳಲ್ಲಿ ಸಮಸ್ಯೆಯಾಗುತ್ತದೆ, ಸಾಧ್ಯವಾದರೆ ಯುಟಿಸಿಯನ್ನೇ ಇಡಿ. ಅದರ ಮಾತು ಸುಳ್ಳಲ್ಲ. ಯುರೋಪಿನಲ್ಲಾದರೆ ಮಾರ್ಚ್‌ನಲ್ಲಿ ಎರಡು ಸಿಸ್ಟಮ್‌ಗಳೂ ಒಂದೊಂದು ಗಂಟೆ ಮುಂದೆ ತಳ್ಳಿ ಒಟ್ಟು ಎರಡು ಗಂಟೆ ಆಗಿಬಿಡಬಹುದು. ನಮ್ಮಲ್ಲಿ ಬೇಸಿಗೆಗೂ ಮಳೆಗಾಲಕ್ಕೂ ಒಂದೇ ಗಂಟೆ. ಗೊಣಗಲಿ ಅಂತ ಬಿಟ್ಟಿದ್ದೇನೆ.