ಅವರ್ಟ್: ತಪ್ಪಿಸೋದಾ, ತಪ್ಪಿಸಿಕೊಳ್ಳೋದಾ?

ಧಾರವಾಡದ ಸಪ್ತಾಪುರದಲ್ಲಿ ಪರೀಕ್ಷೆಗೆ ಓದುವ ನಮ್ಮಂಥವರ ನೋಟ್‌ಬುಕ್ ಹೇಗಿರುತ್ತೆ ಅಂದರೆ, ಎಡಕ್ಕೆ ಇಂಗ್ಲಿಷ್ ಶಬ್ದ, ಬಲಕ್ಕೆ ಒಂದೇ ಒಂದು ಕನ್ನಡ ಶಬ್ದ. ನನ್ನದರಲ್ಲಿ ಅವಾಯ್ಡ್ (avoid) ಎದುರಿಗೂ ‘ತಪ್ಪಿಸು’, ಅವರ್ಟ್ (avert) ಎದುರಿಗೂ ‘ತಪ್ಪಿಸು’. ಎರಡೂ ಒಂದೇ ಅಂತ ಬಹಳ ದಿನ ನಂಬಿದ್ದೆ. ಒಮ್ಮೆ ನನ್ನ ರೂಮ್‌ಮೇಟ್ ‘ಐ ಅವರ್ಟೆಡ್ ಮೈ ಅಂಕಲ್ ಅಟ್ ದ ಬಸ್ ಸ್ಟ್ಯಾಂಡ್’ ಅಂತ ಬರೆದ. ರಿಸಲ್ಟ್ ಏನಾಯ್ತು ಅಂತ ಕೇಳ್ತಾರೆ ಅಂತ ಮಾಮಾನ ಕಣ್ಣಿಗೆ ಬೀಳದೆ ಬಂದಿದ್ದ. ವಾಕ್ಯ ತಪ್ಪು ಅನಿಸಿತು, ಯಾಕೆ ಅಂತ ಹೇಳೋಕೆ ಬರಲಿಲ್ಲ.

ಆಮೇಲೆ ಒಂದು ದಿನ ಬಸ್ಸಿನಲ್ಲಿ ಹೋಗ್ತಿದ್ದೆ. ಟೋಲ್ ನಾಕಾ ಹತ್ತಿರ ಆಕಳ ಕರು ಒಂದು ರಸ್ತೆಗೆ ನುಗ್ಗಿತು, ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದ, ನಿಂತವರೆಲ್ಲ ಮುಗ್ಗರಿಸಿದರು, ಪಕ್ಕದ ಅಜ್ಜಿಯ ಬುಟ್ಟಿಯಿಂದ ಬದನೆಕಾಯಿ ಉರುಳಿ ಸೀಟಿನ ಕೆಳಗೆ ಹೋದವು. ಕರು ಬಾಲ ಎತ್ತಿ ಆಚೆ ಓಡಿತು. ಅಜ್ಜಿ ಬದನೆಕಾಯಿ ಆರಿಸ್ತಾ, ‘ಡ್ರೈವರಣ್ಣ ದೊಡ್ಡ ಗಂಡಾಂತರ ತಪ್ಪಿಸಿದ ನೋಡೋ ತಮ್ಮಾ’ ಅಂದಳು.

ಅದೇ ಅವರ್ಟ್. ಕೆಟ್ಟದ್ದು ಎದುರಿಗೇ ಬಂದಿದೆ, ಇನ್ನೇನು ಆಗೇಬಿಡಬೇಕು, ಅಷ್ಟರಲ್ಲಿ ಯಾರೋ ಅದನ್ನು ತಿರುಗಿಸಿಬಿಡುತ್ತಾರೆ. ಶಬ್ದದ ಬೇರಿನಲ್ಲೂ ಇದೇ ಇದೆ. ಲ್ಯಾಟಿನ್‌ನಲ್ಲಿ ‘ವರ್ಟೆರೆ’ ಅಂದರೆ ತಿರುಗಿಸು, ಅದರ ಹಿಂದಿನ ‘ಅ’ ಅಂದರೆ ಆಚೆಗೆ. ಡೈವರ್ಟ್, ಕನ್ವರ್ಟ್, ಮನೆಯಲ್ಲಿರುವ ಇನ್ವರ್ಟರ್, ಎಲ್ಲ ಅದೇ ಬಳಗ. ‘ಹಿ ಅವರ್ಟೆಡ್ ಹಿಸ್ ಐಸ್’ ಅಂದರೆ ಕಣ್ಣು ಬೇರೆ ಕಡೆ ಹೊರಳಿಸಿದ ಅಂತ.

ಮಾಮಾನ ವಿಷಯಕ್ಕೆ ಬಂದರೆ, ನನ್ನ ರೂಮ್‌ಮೇಟ್ ಮಾಮಾನನ್ನು ತಪ್ಪಿಸಲಿಲ್ಲ, ಮಾಮಾನಿಂದ ತಪ್ಪಿಸಿಕೊಂಡ. ನಮ್ಮ ‘ಕೊಳ್ಳು’ ಎಷ್ಟು ಚೆಂದ ಕೆಲಸ ಮಾಡುತ್ತೆ ಅಲ್ವಾ? ತಪ್ಪಿಸಿಕೊಳ್ಳುವ ಜಾಗದಲ್ಲಿ ಅವಾಯ್ಡ್ ಹಾಕಿ. ಅನಾಹುತ ತಪ್ಪಿಸುವ ಕಡೆಯೂ ಅವಾಯ್ಡ್ ನಡೆಯುತ್ತೆ, ಆದರೆ ತಪ್ಪಿಸಿಕೊಳ್ಳುವ ಕಡೆ ಅವರ್ಟ್ ನಡೆಯಲ್ಲ. ‘ಕ್ಲಾಸ್ ತಪ್ಪಿಸಿದ’ ಅನ್ನುವಾಗ ಮಾತ್ರ ಈ ಲೆಕ್ಕ ಹೊಂದಲ್ಲ, ಅಲ್ಲಿ ಸ್ಕಿಪ್ ಬೇಕು.

ಅವರ್ಟ್ ಜೊತೆ ಜಾಸ್ತಿ ಬರೋದು ಡಿಸಾಸ್ಟರ್, ಕ್ರೈಸಿಸ್, ಸ್ಟ್ರೈಕ್, ವಾರ್. 1962ರಲ್ಲಿ ಕ್ಯೂಬಾದ ಕ್ಷಿಪಣಿಗಳ ವಿಷಯಕ್ಕೆ ಅಮೆರಿಕ, ಸೋವಿಯತ್ ಒಕ್ಕೂಟ ಎರಡೂ ಅಣುಯುದ್ಧದ ಅಂಚಿಗೆ ಬಂದು ಹಿಂದೆ ಸರಿದವು. ಅದಕ್ಕೆ ‘ನ್ಯೂಕ್ಲಿಯರ್ ವಾರ್ ವಾಸ್ ಅವರ್ಟೆಡ್’ ಸರಿಯಾಗಿ ಕೂರುತ್ತೆ.

ಇವೆರಡರ ಹತ್ತಿರವೇ ಬರುವ ಪ್ರಿವೆಂಟ್ (ಆಗದಂತೆ ತಡೆ) ಸಾಮಾನ್ಯವಾಗಿ ಇನ್ನೂ ಮುಂಚಿನ ಮಾತು. ಅದರ ಲ್ಯಾಟಿನ್ ಬೇರಿನ ಅರ್ಥವೇ ‘ಮುಂಚೆ ಬಾ’. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಎಷ್ಟೋ ಕಡೆ ನಲ್ಲಿ ನೀರು ದಿನಾ ಬರಲ್ಲ, ಅಲ್ಲೆಲ್ಲ ಮನೆಯಲ್ಲಿ ಡ್ರಮ್ ತುಂಬಿಟ್ಟಿರುತ್ತಾರೆ. ಆ ಡ್ರಮ್ಮನ್ನು ವಾರಕ್ಕೊಮ್ಮೆ ತಿಕ್ಕಿ ತೊಳೆದು ಮುಚ್ಚಿಟ್ಟರೆ ಸೊಳ್ಳೆ ಮೊಟ್ಟೆ ಇಡಲ್ಲ. ಡೆಂಗಿಯನ್ನು ಹೀಗೆ ಪ್ರಿವೆಂಟ್ ಮಾಡುತ್ತೇವೆ, ಇಲ್ಲಿ ಅವರ್ಟ್ ಬೇಡ.

ವ್ಯಾಕರಣದಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ‘ಪ್ರಿವೆಂಟೆಡ್ ಹಿಮ್ ಫ್ರಮ್ ಫಾಲಿಂಗ್’ ಸರಿ, ‘ಅವರ್ಟೆಡ್ ಹಿಮ್ ಫ್ರಮ್ ಫಾಲಿಂಗ್’ ತಪ್ಪು. ಅವರ್ಟ್ ಆದಮೇಲೆ ನೇರವಾಗಿ ಆ ಅಪಾಯದ ಹೆಸರನ್ನೇ ಬರೆಯಿರಿ: ‘ಅವರ್ಟೆಡ್ ಆ್ಯನ್ ಆಕ್ಸಿಡೆಂಟ್’. ಹೇಳುವಾಗ ಒತ್ತು ‘ವರ್ಟ್’ ಮೇಲೆ ಬೀಳಲಿ. ಮೊದಲ ಅಕ್ಷರವನ್ನು ‘ಓ’ ಮಾಡಿದರೆ ಅದು ಓವರ್ಟ್ ಆಗುತ್ತೆ, ಅದರ ಅರ್ಥ ಬಹಿರಂಗವಾದದ್ದು.