ಮಾರ್ಕೆಟ್‌ನ ರೋಹು, ಬಾಸಾ ಜೀನ್ ಬದಲಿಸಿದ ಮೀನಾ?

ಪ್ರಶ್ನೆ: ನಮ್ಮ ಡೊಂಬಿವಲಿ ಮಾರ್ಕೆಟ್‌ನಲ್ಲಿ ರೋಹು, ಬಾಸಾ, ತಿಲಾಪಿಯಾ ವರ್ಷವಿಡೀ ಒಂದೇ ಸೈಜಿನಲ್ಲಿ ಸಿಗುತ್ತವೆ. ಇವೆಲ್ಲ ಜೀನ್ ಬದಲಿಸಿ ಬೆಳೆಸಿದ್ದು ಅಂತ ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ಮಕ್ಕಳಿಗೆ ಕೊಡಬಹುದಾ?

ಆ ಭಯ ಬೇಡ, ಕೊಡಿ. ಅವು ಜೀನ್ ಬದಲಿಸಿದ ಮೀನುಗಳಲ್ಲ. ಅಂಥ ಯಾವ ಮೀನನ್ನೂ ಸಾಕಿ ಮಾರಲು ಭಾರತದಲ್ಲಿ ಅನುಮತಿ ಸಿಕ್ಕಿಲ್ಲ. ಬಂಗುಡೆ, ಬೂತಾಯಿ, ಅಂಜಲ್ ಅಂತೂ ಕಡಲಲ್ಲಿ ಹಿಡಿದವು, ಅವುಗಳ ಬಗ್ಗೆ ಈ ಪ್ರಶ್ನೆಯೇ ಏಳುವುದಿಲ್ಲ.

ಮತ್ತೆ ಕೊಳದ ಮೀನು ಇಷ್ಟು ಬೇಗ ಬೆಳೆಯುವುದು ಹೇಗೆ? ರೋಹು ವಿಷಯದಲ್ಲಿ ತಳಿ ಆಯ್ಕೆಯ ಪಾಲು ದೊಡ್ಡದು. ರೈತರು ಬೀಜಕ್ಕೆ ಒಳ್ಳೆಯ ತೆನೆ ಎತ್ತಿಡುತ್ತಾರಲ್ವಾ, ಹಾಗೆ ಪ್ರತಿ ತಲೆಮಾರಿನಲ್ಲೂ ಚೆನ್ನಾಗಿ ಬೆಳೆದ ಮೀನುಗಳಿಂದಲೇ ಮರಿ ಮಾಡಿಸುತ್ತಾರೆ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯವರು ನಾರ್ವೆಯವರ ಜೊತೆ ಸೇರಿ ಹೀಗೇ ‘ಜಯಂತಿ ರೋಹು’ ತಳಿ ಮಾಡಿದರು, 1997ರಲ್ಲಿ ಬಿಡುಗಡೆಯಾಯಿತು. ತಿಲಾಪಿಯಾದಲ್ಲಿ ಹೆಣ್ಣಿಗಿಂತ ಗಂಡು ಬೇಗ ಬೆಳೆಯುತ್ತದೆ, ಅದಕ್ಕೇ ಬರೀ ಗಂಡುಮರಿ ಸಾಕುತ್ತಾರೆ. ಬಾಸಾ ಮೇಲೆ ಬಂದು ಗಾಳಿಯನ್ನೂ ಉಸಿರಾಡುವ ಮೀನು, ಒಂದೇ ಕೊಳದಲ್ಲಿ ಜಾಸ್ತಿ ಮರಿ ಬಿಟ್ಟರೂ ಬದುಕುತ್ತದೆ.

ನಿಜವಾಗಿ ಜೀನ್ ಸೇರಿಸಿ ತಿನ್ನಲು ಮಾರಿದ್ದು ಅಮೆರಿಕದ ಅಕ್ವಾಬೌಂಟಿ ಕಂಪನಿಯ ಸಾಲ್ಮನ್ ಎಂಬ ಮೀನು. ಅಟ್ಲಾಂಟಿಕ್ ಸಾಲ್ಮನ್‌ಗೆ ಚಿನೂಕ್ ಎಂಬ ಇನ್ನೊಂದು ಸಾಲ್ಮನ್‌ನ ಬೆಳವಣಿಗೆ ಹಾರ್ಮೋನಿನ ಜೀನ್ ಹಾಕಿದರು. ಅದನ್ನು ಚಾಲೂ ಮಾಡುವ ಸ್ವಿಚ್ಚನ್ನು ಓಷನ್ ಪೌಟ್ ಎಂಬ ಚಳಿನೀರಿನ ಮೀನಿನಿಂದ ತೆಗೆದುಕೊಂಡರು. ಮಾಮೂಲಿ ಸಾಲ್ಮನ್ ಚಳಿಗಾಲದಲ್ಲಿ ಹೆಚ್ಚು ಬೆಳೆಯುವುದಿಲ್ಲ, ಈ ಸ್ವಿಚ್ ಇದ್ದರೆ ಹಾರ್ಮೋನ್ ವರ್ಷವಿಡೀ ಬರುತ್ತಲೇ ಇರುತ್ತದೆ, ಹಾಗಾಗಿ ಸುಮಾರು ಮೂರು ವರ್ಷ ಬೇಕಾಗಿದ್ದ ಮೀನು ಒಂದೂವರೆ ವರ್ಷದಲ್ಲೇ ಮಾರಾಟಕ್ಕೆ ತಯಾರು. 1989ರಲ್ಲಿ ಕೆನಡಾದಲ್ಲಿ ಮೊದಲು ತಯಾರಾದ ಈ ಮೀನಿಗೆ ಅಮೆರಿಕದ ಒಪ್ಪಿಗೆ ಸಿಕ್ಕಿದ್ದು 2015ರಲ್ಲಿ. ತಿನ್ನಲು ಬೇರೆ ಸಾಲ್ಮನ್‌ನಷ್ಟೇ ಸುರಕ್ಷಿತ ಎಂದೇ ಅಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿತು. ಆದರೂ 2024ರ ಕೊನೆಗೆ ಕಂಪನಿ ಮೀನು ಸಾಕುವುದನ್ನು ನಿಲ್ಲಿಸುವುದಾಗಿ ಹೇಳಿತು.

ನನ್ನ ಕಳವಳ ತಟ್ಟೆಯದ್ದಲ್ಲ, ಹೊಳೆಯದ್ದು. ಹೀಗೆ ಜೀನ್ ಸೇರಿಸಿದ ಮೀನು ತಪ್ಪಿಸಿಕೊಂಡು ಹೊಳೆಯ ಮೀನಿನ ಜೊತೆ ಕೂಡಿ ಮರಿ ಮಾಡಿದರೆ ಆ ಜೀನನ್ನು ವಾಪಸ್ ಹಿಡಿದು ತರಲು ಆಗುವುದಿಲ್ಲ. ಅದಕ್ಕೇ ಆ ಸಾಲ್ಮನ್‌ಗಳನ್ನು ನೆಲದ ಮೇಲಿನ ಮುಚ್ಚಿದ ತೊಟ್ಟಿಗಳಲ್ಲಿ ಸಾಕಿದರು. ಎಲ್ಲವೂ ಹೆಣ್ಣು. ಮೊಟ್ಟೆಗೆ ಒತ್ತಡ ಕೊಟ್ಟು, ಜೀನ್ ಹೊತ್ತಿರುವ ಕ್ರೋಮೋಸೋಮ್ ಎಂಬ ಎಳೆಗಳು ಎರಡು ಸೆಟ್ ಬದಲು ಮೂರು ಸೆಟ್ ಇರುವಂತೆ ಮಾಡಿ, ಸಂತಾನವಾಗದ ಹಾಗೆ ನೋಡಿಕೊಂಡರು.

ನಮ್ಮಲ್ಲೂ ಪ್ರಯೋಗ ಆಗದೇ ಇಲ್ಲ. ಮದುರೈ ಕಾಮರಾಜ ವಿಶ್ವವಿದ್ಯಾಲಯದಲ್ಲಿ ರೋಹುವಿಗೆ ರೋಹುವಿನದೇ ಬೆಳವಣಿಗೆ ಜೀನ್ ಸೇರಿಸಿ ನೋಡಿದ್ದಾರೆ. ಅದು ಲ್ಯಾಬ್ ದಾಟಿ ಮಾರುಕಟ್ಟೆಗೆ ಬಂದಿಲ್ಲ. ಭಾರತದ ನದಿಗಳಲ್ಲಿ ಸಾಲ್ಮನ್ ಇಲ್ಲ, ಆದರೆ ರೋಹು ಇದೆ, ಮತ್ತು ನಮ್ಮ ಕೊಳಗಳು ಮಳೆಗಾಲದಲ್ಲಿ ತುಂಬಿ ಹರಿದರೆ ಮೀನು ಸೀದಾ ಹೊಳೆಗೇ ಹೋಗುತ್ತದೆ. ಯಾರಾದರೂ ಅಂಥ ರೋಹುವಿಗೆ ಅನುಮತಿ ಕೇಳಿದ ದಿನ, ಸಂತಾನವಾಗದ ಮರಿ, ಮುಚ್ಚಿದ ತೊಟ್ಟಿ, ಎರಡೂ ಇಲ್ಲದೆ ಒಪ್ಪಬಾರದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.